ಸುಲಭದ ಕೆಲಸ ಯಂತ್ರಕ್ಕೆ, ಕಷ್ಟದ ಕೆಲಸ ಹಳೆಯ ಸಂಬಳಕ್ಕೆ: ವಿಮಾನಯಾನದ ಗ್ರಾಹಕ ಸೇವೆಗೆ ಜನ ಏಕೆ ಸಿಗುತ್ತಿಲ್ಲ

ಚೆಕ್-ಇನ್ ಕೌಂಟರಿಗೆ, ಬೋರ್ಡಿಂಗ್ ಗೇಟಿಗೆ, ಕಾಲ್ ಸೆಂಟರಿಗೆ ಜನ ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ ಎಂಬ ದೂರನ್ನು ವಿಮಾನಯಾನ ಸಂಸ್ಥೆಗಳು ಕೊರೋನಾ ನಂತರದ ವರ್ಷಗಳಲ್ಲಿ ಮತ್ತೆ ಮತ್ತೆ ಹೇಳುತ್ತಾ ಬಂದಿವೆ. ಇದೇ ಅವಧಿಯಲ್ಲಿ ಪೈಲಟ್‌ಗಳ ಕೊರತೆಯೂ ಇತ್ತು. ಆ ಕೊರತೆಗೆ ಸಂಸ್ಥೆಗಳು ಕಂಡುಕೊಂಡ ಪರಿಹಾರ ಮಾತ್ರ ನೇರವಾಗಿತ್ತು. ಅಮೆರಿಕದ ಡೆಲ್ಟಾ ಸಂಸ್ಥೆ 2023ರ ಮಾರ್ಚ್‌ನಲ್ಲಿ ತನ್ನ ಪೈಲಟ್‌ಗಳಿಗೆ ನಾಲ್ಕು ವರ್ಷಗಳ ಅವಧಿಯಲ್ಲಿ ಶೇ 34ರಷ್ಟು ವೇತನ ಹೆಚ್ಚಿಸುವ ಒಪ್ಪಂದಕ್ಕೆ ಬಂತು. ಉಳಿದ ದೊಡ್ಡ ಸಂಸ್ಥೆಗಳೂ ಅದೇ ದಾರಿ ಹಿಡಿದವು. ಕೌಂಟರಿನ ಹಿಂದೆ ನಿಲ್ಲುವವರ ವಿಷಯ ಬಂದಾಗ ಕೊರತೆಯ ಮಾತು ಅಷ್ಟೇ ಜೋರಾಗಿ ಕೇಳಿಸುತ್ತದೆ, ಆದರೆ ಸಂಬಳದ ಮಾತು ಬರುವುದರೊಳಗೆ ಚರ್ಚೆ ಯಂತ್ರಗಳ ಕಡೆಗೆ, ಚಾಟ್‌ಬಾಟ್‌ಗಳ ಕಡೆಗೆ, ಇಂದಿನ ಯುವಜನರ ತಾಳ್ಮೆಯ ಕಡೆಗೆ ಹೊರಳಿಬಿಡುತ್ತದೆ.

ಈ ಕೆಲಸಕ್ಕೆ ಹೆಚ್ಚಿನ ಪರಿಣತಿ ಬೇಡ, ಹಾಗಾಗಿ ಸಂಬಳವೂ ಕಡಿಮೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ಮೂವತ್ತು ವರ್ಷಗಳ ಹಿಂದಿನ ಕೌಂಟರನ್ನು ನೆನೆದರೆ ಆ ಮಾತಿನಲ್ಲಿ ಸ್ವಲ್ಪ ಹುರುಳಿತ್ತು ಎನ್ನಬಹುದು. ಟಿಕೆಟ್ ನೋಡಿ ಆಸನ ಸಂಖ್ಯೆ ಕೊಡುವುದು, ಚೀಲ ತೂಗಿ ಚೀಟಿ ಅಂಟಿಸುವುದು, ದೂರವಾಣಿಯಲ್ಲಿ ಹೊರಡುವ ಸಮಯ ತಿಳಿಸುವುದು ಆಗ ದಿನದ ಬಹುಪಾಲನ್ನು ತುಂಬುತ್ತಿದ್ದ ಕೆಲಸಗಳು. 1990ರ ದಶಕದ ನಡುವಿನಿಂದ ಸ್ವಯಂಸೇವಾ ಕಿಯೋಸ್ಕ್‌ಗಳು ಬಂದವು, ಆ ದಶಕದ ಕೊನೆಗೆ ವೆಬ್ ಚೆಕ್-ಇನ್ ಬಂತು, 2008ರ ಜೂನ್‌ನಿಂದ ಐಯಾಟಾ ಎಂಬ ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ ಕಾಗದದ ಟಿಕೆಟ್ ವಿತರಿಸುವುದನ್ನೇ ನಿಲ್ಲಿಸಿತು. ಮೊಬೈಲಿನಲ್ಲೇ ಬೋರ್ಡಿಂಗ್ ಪಾಸ್ ಇರುವ ಪ್ರಯಾಣಿಕ ಇಂದು ಸಿಬ್ಬಂದಿಯ ಮುಖ ನೋಡದೆಯೇ ವಿಮಾನದ ಬಾಗಿಲಿನವರೆಗೆ ಹೋಗಬಲ್ಲ.

ಹಾಗಾದರೆ ಕೌಂಟರಿಗೆ ಈಗ ಬರುವವರು ಯಾರು? ಸಂಪರ್ಕ ವಿಮಾನ ತಪ್ಪಿದವರು, ವೀಸಾ ಕಾಗದಗಳಲ್ಲಿ ಗೊಂದಲ ಇರುವವರು, ಒಂದೇ ಬುಕಿಂಗ್‌ನಲ್ಲಿದ್ದರೂ ಮಗುವಿನಿಂದ ದೂರ ಆಸನ ಸಿಕ್ಕ ತಾಯಿ, ಗಾಲಿಕುರ್ಚಿಯ ನೆರವು ಕೇಳಿದ್ದರೂ ಅದು ದಾಖಲಾಗದೇ ಹೋದ ವೃದ್ಧರು, ಚೀಲ ಬೇರೆ ಊರಿಗೆ ಹೋಗಿ ಇಳಿದವರು, ವಿಮಾನ ರದ್ದಾಗಿ ಅಂತ್ಯಸಂಸ್ಕಾರಕ್ಕೆ ತಲುಪಲಾಗದೆ ಒದ್ದಾಡುತ್ತಿರುವವರು. ಯಂತ್ರ ಬಿಡಿಸಲಾರದ ಸಮಸ್ಯೆಗಳಷ್ಟೇ ಸೋಸಿ ಮನುಷ್ಯನ ಮುಂದೆ ಬರುತ್ತವೆ. ಕಾಲ್ ಸೆಂಟರಿನಲ್ಲೂ ಇದೇ ಕಥೆ: ಆ್ಯಪ್‌ನಲ್ಲಿ ಬಗೆಹರಿಯುವ ಪ್ರಶ್ನೆ ಕೇಳಲು ಯಾರೂ ಅರ್ಧ ಗಂಟೆ ಸಂಗೀತ ಕೇಳುತ್ತಾ ಕಾಯುವುದಿಲ್ಲ. ಹೀಗೆ ಕೆಲಸದ ಸುಲಭ ಭಾಗ ಕಳಚಿಕೊಂಡು ಕಠಿಣ ಭಾಗ ಉಳಿಯಿತು. ವೇತನ ಶ್ರೇಣಿ ಮಾತ್ರ ಆ ಸುಲಭ ಕೆಲಸದ ಕಾಲದಲ್ಲಿ ಎಲ್ಲಿತ್ತೋ ಅದರ ಆಸುಪಾಸಿನಲ್ಲೇ ನಿಂತಿದೆ. ನೇಮಕಾತಿಯ ಬಿಕ್ಕಟ್ಟಿನ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಕೌಂಟರಿನಲ್ಲಿ ನಡೆಯುವ ಒಂದೇ ಒಂದು ಕೆಲಸವನ್ನು ಬಿಡಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ವಿದೇಶಕ್ಕೆ ಹೊರಟ ಪ್ರಯಾಣಿಕನ ಪಾಸ್‌ಪೋರ್ಟ್ ಅವಧಿ, ವೀಸಾ, ದಾರಿಯಲ್ಲಿ ವಿಮಾನ ಬದಲಿಸುವ ದೇಶದ ಟ್ರಾನ್ಸಿಟ್ ನಿಯಮ, ಕೆಲವೊಮ್ಮೆ ಮರಳಿ ಬರುವ ಟಿಕೆಟ್, ಇವೆಲ್ಲವನ್ನೂ ಪರಿಶೀಲಿಸುವ ಹೊಣೆ ವಿಮಾನಯಾನ ಸಂಸ್ಥೆಯದು. ಇದಕ್ಕಾಗಿ ಐಯಾಟಾದ ಟಿಮ್ಯಾಟಿಕ್ ಎಂಬ ದತ್ತಾಂಶ ವ್ಯವಸ್ಥೆ ಇದೆ, ಆದರೆ ಅದು ಹೇಳುವ ನಿಯಮವನ್ನು ಎದುರಿಗಿರುವ ವ್ಯಕ್ತಿಯ ಕಾಗದಗಳಿಗೆ ಹೊಂದಿಸಿ ನಿರ್ಧರಿಸಬೇಕಾದವರು ಕೌಂಟರಿನವರು, ಅದೂ ಎರಡು ಮೂರು ನಿಮಿಷಗಳಲ್ಲಿ, ಹಿಂದೆ ಸಾಲು ಬೆಳೆಯುತ್ತಿರುವಾಗ. ಸರಿಯಾದ ದಾಖಲೆ ಇಲ್ಲದವರನ್ನು ಕರೆತಂದರೆ ಬ್ರಿಟನ್ ಒಬ್ಬ ಪ್ರಯಾಣಿಕನಿಗೆ 2,000 ಪೌಂಡ್ ದಂಡ ಹಾಕಬಹುದು. ಯುರೋಪಿಯನ್ ಒಕ್ಕೂಟದ 2001ರ ನಿರ್ದೇಶನ ಸದಸ್ಯ ದೇಶಗಳು ಇಂತಹ ದಂಡವನ್ನು ಸಾವಿರಾರು ಯೂರೋಗಳ ಮಟ್ಟದಲ್ಲಿ ಇಡಬೇಕೆಂದು ಹೇಳುತ್ತದೆ. ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ಗಂಟೆಗೆ 12.21 ಪೌಂಡ್‌ಗಳ ಕನಿಷ್ಠ ವೇತನದಲ್ಲಿ ಪೂರ್ಣಾವಧಿ ದುಡಿದವರ ಒಂದು ತಿಂಗಳ ಗಳಿಕೆ ಹೆಚ್ಚುಕಡಿಮೆ ಆ ಒಂದು ದಂಡದಷ್ಟಾಗುತ್ತದೆ. ಒಂದೇ ತಪ್ಪಿಗೆ ಸಂಸ್ಥೆ ತೆರಬೇಕಾದ ಬೆಲೆ ತಿಂಗಳ ಸಂಬಳದ ಮಟ್ಟದಲ್ಲಿರುವ ಕೆಲಸವನ್ನು ಪರಿಣತಿ ಬೇಡದ ಕೆಲಸ ಎಂದು ಕರೆಯುವುದು ವಿಚಿತ್ರ.

ಕೆಲಸ ಕಷ್ಟವಾದರೂ ಸಂಬಳ ಏರದಿರಲು ಇರುವ ಮೊದಲ ಕಾರಣ ಕಾನೂನಿನ ರಚನೆಯಲ್ಲೇ ಇದೆ. ಪರವಾನಗಿ ಪಡೆದ ಪೈಲಟ್ ಇಲ್ಲದೆ ವಿಮಾನ ಹೊರಡುವಂತಿಲ್ಲ, ಅಧಿಕೃತ ತಂತ್ರಜ್ಞರು ಸಹಿ ಹಾಕದೆ ದುರಸ್ತಿಯಾದ ವಿಮಾನ ಏರುವಂತಿಲ್ಲ, ವಿಮಾನದೊಳಗೆ ಹೆಚ್ಚಿನ ದೇಶಗಳ ನಿಯಮದಂತೆ ಪ್ರತಿ 50 ಆಸನಗಳಿಗೆ ಕನಿಷ್ಠ ಒಬ್ಬ ಸಿಬ್ಬಂದಿ ಇರಲೇಬೇಕು. ಈ ಮೂರು ವರ್ಗಗಳಲ್ಲಿ ಯಾರೊಬ್ಬರು ಕಡಿಮೆಯಾದರೂ ವಿಮಾನ ನೆಲದಲ್ಲೇ ಉಳಿಯುತ್ತದೆ, ನಷ್ಟ ಅಂದೇ ಕಾಣುತ್ತದೆ. ಕೌಂಟರಿನಲ್ಲಿ ಎಂಟು ಜನ ಇರಬೇಕಾದಲ್ಲಿ ನಾಲ್ವರಿದ್ದರೆ ವಿಮಾನ ಹೇಗೋ ಹೊರಡುತ್ತದೆ. ಸಾಲು ಉದ್ದವಾಗುತ್ತದೆ, ಕೆಲವರಿಗೆ ವಿಮಾನ ತಪ್ಪುತ್ತದೆ, ಫೋನ್ ಎತ್ತುವವರಿಲ್ಲದೆ ಜನ ಬೇಸತ್ತು ಕರೆ ಕಡಿದುಹಾಕುತ್ತಾರೆ. ಇದರ ವೆಚ್ಚ ಪ್ರಯಾಣಿಕರ ಸಮಯವಾಗಿಯೂ ಉಳಿದ ನಾಲ್ವರು ಸಿಬ್ಬಂದಿಯ ದಣಿವಾಗಿಯೂ ಹಂಚಿಹೋಗುವುದರಿಂದ ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಅದು ತಕ್ಷಣ ಕಾಣಿಸಿಕೊಳ್ಳುವುದೇ ಇಲ್ಲ. ಇಂಧನದ ಬೆಲೆ, ವಿಮಾನದ ಬಾಡಿಗೆ, ನಿಲ್ದಾಣದ ಶುಲ್ಕಗಳಲ್ಲಿ ಸಂಸ್ಥೆಗೆ ಕೈಯಾಡಿಸಲು ಹೆಚ್ಚು ಜಾಗವಿಲ್ಲ. ಕತ್ತರಿ ಹಾಕಲು ಕೈಗೆ ಸುಲಭವಾಗಿ ಸಿಗುವುದು ಪರವಾನಗಿಯ ರಕ್ಷಣೆ ಇಲ್ಲದ ಈ ನೌಕರರ ಸಂಬಳ.

ಎರಡನೆಯ ಕಾರಣ ಹೊರಗುತ್ತಿಗೆ, ಮತ್ತು ಇದು ಮೊದಲನೆಯದಕ್ಕಿಂತ ಹೆಚ್ಚು ಗಮನ ಬೇಡುತ್ತದೆ. ಸಂಸ್ಥೆಯ ಲಾಂಛನವಿರುವ ಕೋಟು ತೊಟ್ಟು ಸಂಸ್ಥೆಯ ಹೆಸರಿನಲ್ಲಿ ಸ್ವಾಗತಿಸುವವರು ಅನೇಕ ನಿಲ್ದಾಣಗಳಲ್ಲಿ ಆ ಸಂಸ್ಥೆಯ ನೌಕರರೇ ಅಲ್ಲ. ಗ್ರೌಂಡ್ ಹ್ಯಾಂಡ್ಲಿಂಗ್, ಅಂದರೆ ನಿಲ್ದಾಣದಲ್ಲಿನ ನೆಲದ ಸೇವೆಗಳ, ಗುತ್ತಿಗೆ ಪಡೆದ ಮತ್ತೊಂದು ಕಂಪನಿಯವರು. ಯುರೋಪಿನಲ್ಲಿ 1996ರ ನಿರ್ದೇಶನವೊಂದು ದೊಡ್ಡ ನಿಲ್ದಾಣಗಳ ನೆಲದ ಸೇವೆಗಳನ್ನು ಸ್ಪರ್ಧೆಗೆ ತೆರೆಯಿತು. ದರ ಇಳಿಯಬೇಕೆಂಬುದು ಅದರ ಆಶಯವಾಗಿತ್ತು, ದರ ಇಳಿಯಿತು ಕೂಡ. ಆದರೆ ಕೆಲವೇ ವರ್ಷಗಳ ಅವಧಿಯ ಗುತ್ತಿಗೆಗೆ ಕಡಿಮೆ ಬೆಲೆ ಹೇಳಿ ಗೆಲ್ಲಬೇಕಾದ ಕಂಪನಿಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳವೇ ಆಗಿರುವಾಗ ಆ ಇಳಿಕೆ ಎಲ್ಲಿಂದ ಬರಬೇಕು? ಗುತ್ತಿಗೆ ಕೈಬದಲಾದರೆ ನೌಕರನ ಸೇವಾವಧಿ ಮತ್ತು ಮುಂಬಡ್ತಿಯ ನಿರೀಕ್ಷೆಗಳೂ ಅಲುಗುತ್ತವೆ. ಒಳ್ಳೆಯ ಸೇವೆಯಿಂದ ಪ್ರಯಾಣಿಕ ಮತ್ತೆ ಅದೇ ಸಂಸ್ಥೆಯ ಟಿಕೆಟ್ ಕೊಂಡರೆ ಲಾಭ ವಿಮಾನಯಾನ ಸಂಸ್ಥೆಗೆ; ಅನುಭವಿ ನೌಕರನನ್ನು ಉಳಿಸಿಕೊಳ್ಳುವ ಖರ್ಚು ಮಾತ್ರ ಗುತ್ತಿಗೆದಾರನಿಗೆ. ತನಗೆ ಬಾರದ ಲಾಭಕ್ಕಾಗಿ ಗುತ್ತಿಗೆದಾರ ಕೈಯಿಂದ ಹಣ ಹಾಕಲಿ ಎಂದು ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಸ್ವಂತ ಅಂಗಸಂಸ್ಥೆಗಳ ಮೂಲಕವೂ ಇದೇ ಫಲ ಪಡೆಯಬಹುದು: ಅಮೆರಿಕನ್ ಏರ್‌ಲೈನ್ಸ್‌ನ ಅಂಗಸಂಸ್ಥೆಗಳಾದ ಎನ್ವಾಯ್ ಮತ್ತು ಪೀಡ್‌ಮಾಂಟ್‌ಗಳ ಪ್ರಯಾಣಿಕ ಸೇವಾ ನೌಕರರು ಮುಖ್ಯ ಸಂಸ್ಥೆಯ ನೌಕರರಂತೆಯೇ ದುಡಿದರೂ ಬೇರೆಯೇ ಒಪ್ಪಂದದಡಿ, ಬೇರೆಯೇ ವೇತನ ಶ್ರೇಣಿಯಲ್ಲಿದ್ದಾರೆಂಬುದು ಅವರ ಕಾರ್ಮಿಕ ಸಂಘದ ಬಹುಕಾಲದ ತಕರಾರು.

ಈ ಹಾದಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯಾದ ಕ್ವಾಂಟಾಸ್ ಪ್ರಕರಣ ಸಾಕ್ಷಿ. ಕೊರೋನಾ ಕಾಲದ 2020ರಲ್ಲಿ ಆ ಸಂಸ್ಥೆ ಹತ್ತು ನಿಲ್ದಾಣಗಳಲ್ಲಿ ಸರಿಸುಮಾರು 1,700 ನೆಲದ ಸಿಬ್ಬಂದಿಯ ಕೆಲಸವನ್ನು ಹೊರಗುತ್ತಿಗೆಗೆ ಕೊಡಲು ನಿರ್ಧರಿಸಿತು. ಅವರು ಲಗೇಜು ಮತ್ತು ವಿಮಾನ ಶುಚಿಯಂತಹ ಕೆಲಸದವರು, ಕೌಂಟರಿನವರಲ್ಲ. ಆದರೂ ತರ್ಕ ಒಂದೇ. ನೌಕರರು ಸಂಘಟಿತರಾಗಿ ಚೌಕಾಸಿ ಮಾಡುವುದನ್ನು ತಡೆಯುವ ಉದ್ದೇಶವೂ ಆ ನಿರ್ಧಾರದ ಹಿಂದಿತ್ತು, ಹಾಗಾಗಿ ಅದು ಕಾನೂನುಬಾಹಿರ ಎಂದು ಫೆಡರಲ್ ನ್ಯಾಯಾಲಯ 2021ರಲ್ಲಿ ಹೇಳಿತು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹೈಕೋರ್ಟ್, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ಅದನ್ನು ಎತ್ತಿಹಿಡಿಯಿತು. ನೌಕರರಿಗೆ 12 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರ, ಅದರ ಮೇಲೆ 2025ರ ಆಗಸ್ಟ್‌ನಲ್ಲಿ 9 ಕೋಟಿ ಡಾಲರ್ ದಂಡ. ನೌಕರರಿಗೆ ಇದು ಗೆಲುವೇ, ಆದರೆ ಕಳೆದುಕೊಂಡ ಕೆಲಸ ಮಾತ್ರ ಅವರಿಗೆ ಮರಳಿ ಸಿಗಲಿಲ್ಲ.

ಕೊರೋನಾ ಈ ಎಲ್ಲ ದೌರ್ಬಲ್ಯಗಳನ್ನು ಒಟ್ಟಿಗೆ ಬಯಲಿಗೆಳೆಯಿತು. 2020ರಲ್ಲಿ ಜಗತ್ತಿನ ವಿಮಾನ ಪ್ರಯಾಣ 2019ಕ್ಕೆ ಹೋಲಿಸಿದರೆ ಸುಮಾರು ಶೇ 66ರಷ್ಟು ಕುಸಿಯಿತು. ಸಂಸ್ಥೆಗಳು ಸಾವಿರಾರು ಜನರನ್ನು ಮನೆಗೆ ಕಳುಹಿಸಿದವು. ಬ್ರಿಟಿಷ್ ಏರ್‌ವೇಸ್ ಒಂದರಲ್ಲೇ ಸುಮಾರು 10,000 ಹುದ್ದೆಗಳು ಹೋದವು. ಹೊರಬಿದ್ದವರಲ್ಲಿ ಅನೇಕರು ಗೋದಾಮು, ಸೂಪರ್ ಮಾರ್ಕೆಟ್, ಬ್ಯಾಂಕುಗಳ ಗ್ರಾಹಕ ವಿಭಾಗ ಸೇರಿದರು. ಅಲ್ಲಿ ಸಂಬಳ ಬಹುತೇಕ ಅಷ್ಟೇ ಇದ್ದರೂ ನಸುಕಿನ ಮೂರು ಗಂಟೆಗೆ ಪಾಳಿ ಶುರುವಾಗುವುದಿಲ್ಲ ಎಂಬುದನ್ನು ಅವರು ಕಂಡುಕೊಂಡರು. 2022ರ ಬೇಸಿಗೆಯಲ್ಲಿ ಪ್ರಯಾಣಿಕರು ಒಮ್ಮೆಲೇ ಮರಳಿದಾಗ ಈ ನೌಕರರು ಮರಳಲಿಲ್ಲ. ಲಂಡನ್ನಿನ ಹೀಥ್ರೂ ನಿಲ್ದಾಣ ಆ ಜುಲೈನಲ್ಲಿ ದಿನಕ್ಕೆ ಹೊರಡುವ ಪ್ರಯಾಣಿಕರ ಸಂಖ್ಯೆಗೆ 1,00,000ದ ಮಿತಿ ಹಾಕಿ, ನೆಲದ ಸೇವೆಗಳಲ್ಲಿ ಕೊರೋನಾಪೂರ್ವದ ಶೇ 70ರಷ್ಟು ಸಿಬ್ಬಂದಿ ಮಾತ್ರ ಇದ್ದಾರೆಂದು ಕಾರಣ ಕೊಟ್ಟಿತು. ಅದೇ ಹೊತ್ತಿಗೆ ಅಲ್ಲಿನ ಬ್ರಿಟಿಷ್ ಏರ್‌ವೇಸ್ ಚೆಕ್-ಇನ್ ನೌಕರರು ಮುಷ್ಕರಕ್ಕೆ ಮತ ಹಾಕಿದ್ದರು. ಅವರು ಹೊಸದೇನನ್ನೂ ಕೇಳಿರಲಿಲ್ಲ, ಕೊರೋನಾ ನೆಪದಲ್ಲಿ ಕಡಿತಗೊಳಿಸಿದ್ದ ಶೇ 10ರಷ್ಟು ವೇತನವನ್ನು ವಾಪಸು ಕೊಡಿ ಎಂಬುದೇ ಬೇಡಿಕೆ. ಸಂಸ್ಥೆ ಉತ್ತಮ ಪ್ರಸ್ತಾಪ ಮುಂದಿಟ್ಟ ಮೇಲೆ ಮುಷ್ಕರ ನಡೆಯಲಿಲ್ಲ.

ಸಂಬಳ ಹೆಚ್ಚಿಸಿದರೆ ಜನ ಬರುತ್ತಾರೆಯೇ ಎಂಬ ಪ್ರಶ್ನೆಗೆ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೊಲ್ ನಿಲ್ದಾಣದಲ್ಲಿ ಅದೇ ವರ್ಷ, ಯಾರೂ ಯೋಜಿಸದೆಯೇ, ಒಂದು ಪ್ರಯೋಗ ನಡೆದುಹೋಯಿತು. ಕಿಲೋಮೀಟರುಗಟ್ಟಲೆ ಸಾಲುಗಳಿಂದ ಕಂಗಾಲಾದ ನಿಲ್ದಾಣ, ಭದ್ರತೆ, ಲಗೇಜು ಮತ್ತು ಸ್ವಚ್ಛತಾ ಸಿಬ್ಬಂದಿಗೆ ಬೇಸಿಗೆಯ ತಿಂಗಳುಗಳಲ್ಲಿ ಗಂಟೆಗೆ 5.25 ಯೂರೋ ಹೆಚ್ಚುವರಿ ಭತ್ಯೆ ಕೊಡಲು ಕಾರ್ಮಿಕ ಸಂಘಗಳೊಂದಿಗೆ ಒಪ್ಪಿತು. ಸೆಪ್ಟೆಂಬರ್ ಆರಂಭದಲ್ಲಿ ಆ ಭತ್ಯೆಯ ಅವಧಿ ಮುಗಿದು ಮೊತ್ತ ಬಹಳ ಕೆಳಗಿಳಿಯಿತು. ಸೆಪ್ಟೆಂಬರ್ ಎರಡನೆಯ ವಾರದಲ್ಲೇ ಸಾಲುಗಳು ಮತ್ತೆ ಕಟ್ಟಡದ ಹೊರಗೆ ಬೆಳೆದವು, ಅದೇ ವಾರ ನಿಲ್ದಾಣದ ಮುಖ್ಯಸ್ಥರು ರಾಜೀನಾಮೆ ಘೋಷಿಸಿದರು. ಅಕ್ಟೋಬರ್‌ನಲ್ಲಿ ಭದ್ರತಾ ಸಿಬ್ಬಂದಿಗೆ ಹೊಸದಾಗಿ ವೇತನ ಹೆಚ್ಚಿಸುವ ಒಪ್ಪಂದ ಆಯಿತು. ರಜೆಯ ದಟ್ಟಣೆ, ಕಾಯಿಲೆಯ ರಜೆ ಮುಂತಾದ ಬೇರೆ ಅಂಶಗಳೂ ಅಲ್ಲಿ ಇದ್ದವು, ಅವೆಲ್ಲವನ್ನೂ ಒಂದೇ ಭತ್ಯೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ‘ಜನ ಸಿಗುವುದಿಲ್ಲ’ ಎಂಬ ಮಾತಿನ ಮುಂದೆ ‘ಈ ಸಂಬಳಕ್ಕೆ’ ಎಂಬ ಪದಗಳನ್ನು ಸೇರಿಸಿ ಓದಬೇಕೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ತಿಳಿದಿಲ್ಲ.

ನಿರುದ್ಯೋಗ ಹೆಚ್ಚಿರುವ ಕಡೆ ಚಿತ್ರ ತಲೆಕೆಳಗಾಗುತ್ತದೆ ಎಂಬುದನ್ನೂ ಹೇಳಬೇಕು. 2024ರ ಜುಲೈನಲ್ಲಿ ಮುಂಬೈ ವಿಮಾನ ನಿಲ್ದಾಣದ ಸುಮಾರು 2,200 ಲೋಡರ್ (ಸಾಮಾನು ಹೊರುವ) ಹುದ್ದೆಗಳಿಗೆ 25,000ಕ್ಕೂ ಹೆಚ್ಚು ಮಂದಿ ಬಂದು ನೂಕುನುಗ್ಗಲಾಯಿತೆಂದು ವರದಿಯಾಗಿತ್ತು. ಅಂತಹ ಕಡೆ ಅರ್ಜಿಗಳಿಗೆ ಬರವಿಲ್ಲ. ಆದರೆ ಅರ್ಜಿಗಳ ರಾಶಿಯೇ ಸಂಬಳವನ್ನು ಕೆಳಗೆ ಹಿಡಿದಿಡುತ್ತದೆ, ಬಿಟ್ಟುಹೋದವನ ಜಾಗಕ್ಕೆ ನಾಳೆ ಮತ್ತೊಬ್ಬ ಬರುತ್ತಾನೆ ಎಂಬ ಭರವಸೆಯಲ್ಲಿ ಅನುಭವಕ್ಕೆ ಬೆಲೆ ಕಟ್ಟುವ ಅಗತ್ಯವೇ ಯಾರಿಗೂ ಕಾಣುವುದಿಲ್ಲ.

ಸಂಬಳ ಸರಿಯಿದ್ದರೂ ಈ ವಲಯದಲ್ಲಿ ನೇಮಕಾತಿ ನಿಧಾನ, ಅದನ್ನು ಒಪ್ಪಬೇಕು. ನಿಲ್ದಾಣದ ನಿರ್ಬಂಧಿತ ಪ್ರದೇಶಕ್ಕೆ ಪಾಸ್ ಸಿಗಬೇಕಾದರೆ ಹಿನ್ನೆಲೆ ಪರಿಶೀಲನೆ ಮುಗಿಯಬೇಕು. ಬ್ರಿಟನ್ನಿನಲ್ಲಿ ಅಭ್ಯರ್ಥಿಯ ಹಿಂದಿನ ಐದು ವರ್ಷಗಳ ಉದ್ಯೋಗ ಮತ್ತು ವಿದ್ಯಾಭ್ಯಾಸದ ವಿವರ ತಾಳೆ ನೋಡುತ್ತಾರೆ. ಇದಕ್ಕೆ ವಾರಗಳೇ ಹಿಡಿಯುತ್ತವೆ, ಆ ವಾರಗಳಲ್ಲಿ ಅಭ್ಯರ್ಥಿಗೆ ಸಂಬಳವಿಲ್ಲ. ಕೈಯಲ್ಲಿ ಉಳಿತಾಯ ಇಲ್ಲದವನು ಮೊದಲು ಕರೆದ ಬೇರೆ ಕೆಲಸಕ್ಕೆ ಹೋಗುತ್ತಾನೆ. ನಂತರ ಬುಕಿಂಗ್ ವ್ಯವಸ್ಥೆ ಮತ್ತು ಚೆಕ್-ಇನ್, ಬೋರ್ಡಿಂಗ್ ನಿಭಾಯಿಸುವ ಡಿಪಾರ್ಚರ್ ಕಂಟ್ರೋಲ್ ವ್ಯವಸ್ಥೆಗಳ ತರಬೇತಿ, ಅಪಾಯಕಾರಿ ವಸ್ತುಗಳ ನಿಯಮಗಳ ತರಬೇತಿ. ಇಷ್ಟೆಲ್ಲ ಆದ ಮೇಲೆ ಸಿಗುವುದು ಹಲವು ಕಡೆ ಅರೆಕಾಲಿಕ ಪಾಳಿ: ಬೆಳಗಿನ ವಿಮಾನಗಳ ಗುಂಪಿಗೆ ನಾಲ್ಕು ಗಂಟೆ, ಸಂಜೆಯ ಗುಂಪಿಗೆ ಮತ್ತೆ ನಾಲ್ಕು ಗಂಟೆ, ನಡುವೆ ಮನೆಗೆ ಹೋಗಿ ಬರಲಾಗದ, ಸಂಬಳವೂ ಇಲ್ಲದ ಬಿಡುವು. ನಿಲ್ದಾಣಗಳು ಊರಿನಿಂದ ದೂರ, ಮೊದಲ ಬಸ್ಸು ಹೊರಡುವ ಮೊದಲೇ ಪಾಳಿ ಶುರು.

ಇದಕ್ಕೆ ಪ್ರತಿಯಾಗಿ ವಿಮಾನಯಾನ ಸಂಸ್ಥೆಗಳು ಬಹುಕಾಲದಿಂದ ಮುಂದಿಟ್ಟಿರುವ ಆಕರ್ಷಣೆ ರಿಯಾಯಿತಿ ಪ್ರಯಾಣ. ಹಿಂದೆ ಅದು ನಿಜಕ್ಕೂ ದೊಡ್ಡ ಸೆಳೆತವಾಗಿತ್ತು. ಆದರೆ ನೌಕರರ ಟಿಕೆಟ್ ಸಾಮಾನ್ಯವಾಗಿ ಸ್ಟ್ಯಾಂಡ್‌ಬೈ, ಅಂದರೆ ಆಸನ ಖಾಲಿ ಉಳಿದರೆ ಮಾತ್ರ ಪ್ರಯಾಣ. ಸಂಸ್ಥೆಗಳು ಆಸನ ತುಂಬಿಸುವುದರಲ್ಲಿ ನಿಪುಣರಾದಷ್ಟೂ ಈ ಸೌಲಭ್ಯದ ಬೆಲೆ ಇಳಿಯುತ್ತಾ ಬಂತು. 2024ರಲ್ಲಿ ಜಗತ್ತಿನ ಸರಾಸರಿ ಶೇ 83ಕ್ಕೂ ಹೆಚ್ಚು ಆಸನಗಳು ಭರ್ತಿಯಾಗಿದ್ದವು, ರಜಾಕಾಲದಲ್ಲಿ ಇನ್ನೂ ಹೆಚ್ಚು. ಹೊರಗುತ್ತಿಗೆಯ ನೌಕರರಲ್ಲಿ ಅನೇಕರಿಗೆ ಆ ಸೌಲಭ್ಯವೂ ಇಲ್ಲ. ಬಾಡಿಗೆ ಕಟ್ಟಲು ಸ್ಟ್ಯಾಂಡ್‌ಬೈ ಟಿಕೆಟ್ ಬರುವುದಿಲ್ಲ ಎಂಬುದಂತೂ ಇದ್ದೇ ಇದೆ.

ಸಂಸ್ಥೆಗಳ ವಾದವನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಈ ಉದ್ಯಮದ ಲಾಭ ತೆಳು. 2025ರಲ್ಲಿ ಪ್ರತಿ ಪ್ರಯಾಣಿಕನಿಂದ ಉಳಿಯುವ ನಿವ್ವಳ ಲಾಭ ಸುಮಾರು 7.2 ಡಾಲರ್ ಎಂದು ಐಯಾಟಾ ಆ ವರ್ಷದ ಜೂನ್‌ನಲ್ಲಿ ಅಂದಾಜಿಸಿತ್ತು. ಹೀಗಿರುವಾಗ ಸಂಬಳ ಏರಿಸುವುದು ಹೇಗೆ ಎಂದು ಅವರು ಕೇಳುತ್ತಾರೆ. ಒಂದು ಸರಳ ಲೆಕ್ಕ ಹಾಕೋಣ. ಕೌಂಟರಿನ ನೌಕರನೊಬ್ಬ ಗಂಟೆಗೆ 15 ಪ್ರಯಾಣಿಕರ ಕೆಲಸ ಮುಗಿಸುತ್ತಾನೆಂದು ಭಾವಿಸಿದರೆ, ಅವನ ಸಂಬಳವನ್ನು ಗಂಟೆಗೆ 3 ಡಾಲರ್ ಏರಿಸಿದಾಗ ಬೀಳುವ ಹೊರೆ ಪ್ರಯಾಣಿಕನೊಬ್ಬನಿಗೆ 20 ಸೆಂಟ್. ಪಾಳಿಯಲ್ಲಿ ಬಿಡುವಿನ ಹೊತ್ತು, ಗೇಟಿನ ಕೆಲಸ, ಕಾಲ್ ಸೆಂಟರ್ ಎಲ್ಲ ಸೇರಿಸಿ ಅದನ್ನು ಮೂರು ಪಟ್ಟು ಮಾಡಿದರೂ 60 ಸೆಂಟ್. 7.2 ಡಾಲರಿನಲ್ಲಿ ಇದು ನಗಣ್ಯವಲ್ಲ, ಸಾವಿರಾರು ನೌಕರರಿಗೆ ಅನ್ವಯಿಸಿದರೆ ಮೊತ್ತ ದೊಡ್ಡದೇ. ಆದರೆ ಟಿಕೆಟ್ ದರದಲ್ಲಿ ಪ್ರಯಾಣಿಕ ಗುರುತಿಸಲಾಗದಷ್ಟು ಸಣ್ಣ ವ್ಯತ್ಯಾಸ ಅದು. ಎಲ್ಲರಿಗಿಂತ ಮೊದಲು ಏರಿಸಿದವರು ಪ್ರಯಾಣಿಕರು ಟಿಕೆಟ್ ಹೋಲಿಸಿ ನೋಡುವ ದರಪಟ್ಟಿಯಲ್ಲಿ ಒಂದು ಸ್ಥಾನ ಕೆಳಗಿಳಿಯಬಹುದೆಂಬ ಭಯವೇ ಸಂಸ್ಥೆಗಳನ್ನು ಕಟ್ಟಿಹಾಕಿರುವುದು. ಕನಿಷ್ಠ ವೇತನ ಅಥವಾ ಇಡೀ ನಿಲ್ದಾಣಕ್ಕೆ ಅನ್ವಯವಾಗುವ ಒಪ್ಪಂದ ಎಲ್ಲರಿಗೂ ಒಟ್ಟಿಗೆ ಬಂದಾಗ ಈ ಭಯಕ್ಕೆ ಆಧಾರ ಉಳಿಯುವುದಿಲ್ಲ. ಒಂದೊಂದು ಸಂಸ್ಥೆಯ ಒಳ್ಳೆಯತನವನ್ನು ಕಾಯುವುದಕ್ಕಿಂತ ಅದು ಹೆಚ್ಚು ನಂಬಬಹುದಾದ ಮಾರ್ಗ.

ಯಂತ್ರಗಳು ಇಡೀ ಪ್ರಶ್ನೆಯನ್ನೇ ಇಲ್ಲವಾಗಿಸುತ್ತವೆ ಎಂದು ನಂಬುವವರೂ ಇದ್ದಾರೆ. ಅಮೆರಿಕದ ಫ್ರಾಂಟಿಯರ್ ಸಂಸ್ಥೆ 2022ರ ನವೆಂಬರ್‌ನಲ್ಲಿ ಗ್ರಾಹಕರ ದೂರವಾಣಿ ಸೇವೆಯನ್ನೇ ನಿಲ್ಲಿಸಿ ಚಾಟ್‌ಗೆ ಸೀಮಿತಗೊಳಿಸಿತು. ಮರುತಿಂಗಳು ಸೌತ್‌ವೆಸ್ಟ್ ಸಂಸ್ಥೆಯ ವೇಳಾಪಟ್ಟಿ ಚಳಿಗಾಳಿಗೆ ಕುಸಿದು 16,000ಕ್ಕೂ ಹೆಚ್ಚು ವಿಮಾನಗಳು ರದ್ದಾದಾಗ ಲಕ್ಷಾಂತರ ಪ್ರಯಾಣಿಕರು ಫೋನಿಗೆ ಮುಗಿಬಿದ್ದರು, ಕೇಳಿಸಿದ್ದು ಬಿಜಿ ಟೋನ್. ಒಂದು ವರ್ಷದ ನಂತರ ಅಮೆರಿಕದ ಸಾರಿಗೆ ಇಲಾಖೆ ಆ ಸಂಸ್ಥೆಯ ಮೇಲೆ ಹೇರಿದ 14 ಕೋಟಿ ಡಾಲರ್ ದಂಡಕ್ಕೆ ಕೊಟ್ಟ ಕಾರಣಗಳಲ್ಲಿ ಗ್ರಾಹಕ ಸೇವೆ ಸಕಾಲಕ್ಕೆ ದೊರೆಯದಿದ್ದದ್ದೂ ಒಂದು. 2024ರ ಫೆಬ್ರುವರಿಯಲ್ಲಿ ಕೆನಡಾದ ನ್ಯಾಯಮಂಡಳಿಯೊಂದು, ಏರ್ ಕೆನಡಾದ ಚಾಟ್‌ಬಾಟ್ ಪ್ರಯಾಣಿಕನೊಬ್ಬನಿಗೆ ಕೊಟ್ಟ ತಪ್ಪು ಮಾಹಿತಿಗೆ ಸಂಸ್ಥೆಯೇ ಹೊಣೆ ಎಂದಿತು. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆಯಾದ ಪ್ರತ್ಯೇಕ ಘಟಕ ಎಂಬರ್ಥದ ವಾದವನ್ನು ಒಪ್ಪಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಜಾರಿಗೆ ಬಂದ ಅಮೆರಿಕದ ಕಾನೂನು, ಫೋನ್, ಚಾಟ್ ಅಥವಾ ಸಂದೇಶದ ಮೂಲಕ ದಿನದ 24 ಗಂಟೆಯೂ ಜೀವಂತ ಮನುಷ್ಯನೊಬ್ಬ ಗ್ರಾಹಕರಿಗೆ ಉಚಿತವಾಗಿ ಸಿಗುವಂತಿರಬೇಕೆಂದು ದೊಡ್ಡ ಸಂಸ್ಥೆಗಳಿಗೆ ವಿಧಿಸಿತು. ಆ ಮನುಷ್ಯನಿಗೆ ಎಷ್ಟು ಅನುಭವ ಇರಬೇಕು, ಏನನ್ನು ಬಗೆಹರಿಸುವ ಅಧಿಕಾರ ಇರಬೇಕು ಎಂಬುದನ್ನು ಸಂಸ್ಥೆಗಳಿಗೇ ಬಿಟ್ಟಿದೆ.

ಈ ಅಧಿಕಾರದ ವಿಷಯ ಸಂಬಳದಷ್ಟೇ ಮುಖ್ಯ ಎಂದು ನನಗನ್ನಿಸುತ್ತದೆ. ಹೋಟೆಲ್ ಕೊಠಡಿ ಕೊಡಿಸಲು, ಬೇರೆ ಸಂಸ್ಥೆಯ ವಿಮಾನಕ್ಕೆ ಟಿಕೆಟ್ ಬದಲಿಸಲು, ಅನ್ಯಾಯವಾಗಿ ಬಿದ್ದ ಶುಲ್ಕ ತೆಗೆಯಲು ಕೌಂಟರಿನವರಿಗೆ ಅನುಮತಿ ಇಲ್ಲದಿದ್ದಾಗ ಅವರ ಕೆಲಸ ಬೈಗುಳ ಕೇಳುವುದಷ್ಟೇ ಆಗುತ್ತದೆ. ಅಮೆರಿಕದ ಸಂಸತ್ತು 2018ರಲ್ಲಿ ಗ್ರಾಹಕ ಸೇವಾ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಪ್ರತಿ ಸಂಸ್ಥೆಯೂ ಯೋಜನೆ ಸಲ್ಲಿಸಬೇಕೆಂದು ಕಾನೂನು ಮಾಡಬೇಕಾಯಿತೆಂದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂದು ಊಹಿಸಬಹುದು. ಕೆಲಸದ ಸ್ಥಿತಿಯನ್ನೇ ಸಿಬ್ಬಂದಿಗೆ ಹೊಂದಿಸಿಕೊಟ್ಟ ಮಾದರಿಯೂ ಇದೆ. 2000ದಲ್ಲಿ ಹಾರಾಟ ಆರಂಭಿಸಿದ ಅಮೆರಿಕದ ಜೆಟ್‌ಬ್ಲೂ ಸಂಸ್ಥೆ ತನ್ನ ಬುಕಿಂಗ್ ಸಿಬ್ಬಂದಿಯನ್ನು ಯೂಟಾ ರಾಜ್ಯದಲ್ಲಿ ತಮ್ಮ ತಮ್ಮ ಮನೆಗಳಿಂದಲೇ ದುಡಿಯಲು ಬಿಟ್ಟಿತು. ಚಿಕ್ಕ ಮಕ್ಕಳಿದ್ದು ಹೊರಗೆ ಹೋಗಿ ದುಡಿಯಲಾಗದ ಅನೇಕ ಮಹಿಳೆಯರು ಅದಕ್ಕೆ ಸೇರಿದರು. ಅಲ್ಲಿ ಸೆಳೆದದ್ದು ದೊಡ್ಡ ಸಂಬಳವಲ್ಲ, ಬದುಕಿಗೆ ಹೊಂದುವ ಪಾಳಿ. ಕಾಲ್ ಸೆಂಟರಿಗೆ ಇದು ಸಾಧ್ಯ. ಕೌಂಟರ್ ಮತ್ತು ಗೇಟಿಗೆ ಸಾಧ್ಯವಿಲ್ಲ, ಹಾಗಾಗಿ ಅಲ್ಲಿ ಪಾಳಿಯ ಕಷ್ಟಕ್ಕೆ ಹಣದ ರೂಪದಲ್ಲೇ ಬೆಲೆ ಕಟ್ಟಬೇಕಾಗುತ್ತದೆ.

ಹಾಗೆ ಬೆಲೆ ಕಟ್ಟಬೇಕಾದ ಜಾಗ ಗುತ್ತಿಗೆಯ ಟೆಂಡರ್ ಪತ್ರ. ಗ್ರೌಂಡ್ ಹ್ಯಾಂಡ್ಲಿಂಗ್ ಕರಾರುಗಳಲ್ಲಿ ಎಷ್ಟು ನಿಮಿಷಗಳಲ್ಲಿ ಚೆಕ್-ಇನ್ ಮುಗಿಯಬೇಕು, ತಡವಾದರೆ ಎಷ್ಟು ಹಣ ಕಡಿತ ಎಂಬಂತಹ ಷರತ್ತುಗಳನ್ನು ಬರೆಯುವುದು ಸಂಸ್ಥೆಗಳಿಗೆ ರೂಢಿಯಾಗಿದೆ. ಅದೇ ಪತ್ರದಲ್ಲಿ ಕನಿಷ್ಠ ಗಂಟೆ ವೇತನ, ನಸುಕಿನ ಪಾಳಿಗೆ ಸಾರಿಗೆ ವ್ಯವಸ್ಥೆ, ಪಾಸ್ ಪರಿಶೀಲನೆಯ ವಾರಗಳಲ್ಲಿ ತರಬೇತಿ ಭತ್ಯೆ, ಗುತ್ತಿಗೆ ಬದಲಾದಾಗ ಸೇವಾವಧಿಯ ಮುಂದುವರಿಕೆ, ವರ್ಷದಲ್ಲಿ ಬಿಟ್ಟುಹೋಗುವವರ ಪ್ರಮಾಣಕ್ಕೆ ಮಿತಿ ಎಂಬ ಷರತ್ತುಗಳನ್ನು ಸೇರಿಸಲು ಹೊಸ ತಂತ್ರಜ್ಞಾನವೂ ಬೇಡ, ಹೊಸ ಕಾನೂನೂ ಬೇಡ. ಅವುಗಳನ್ನು ಸೇರಿಸಿದರೆ ಟೆಂಡರಿಗೆ ಬರುವ ಅತಿ ಕಡಿಮೆ ದರ ಈಗಿರುವುದಕ್ಕಿಂತ ಹೆಚ್ಚಾಗುತ್ತದೆ, ಮತ್ತು ಇಲ್ಲಿಯವರೆಗೆ ಅವು ಅಪರೂಪವಾಗಿರುವುದಕ್ಕೆ ಅದೇ ಕಾರಣ.